ಪಾಸ್ ಎರಡು, ಮನೆಯವರು ಹನ್ನೊಂದು ಜನ: ಘಟಿಕೋತ್ಸವಕ್ಕೆ ಹೊರಡುವ ಮೊದಲು

ಪ್ರತಿ ವರ್ಷ ಘಟಿಕೋತ್ಸವದ ಪ್ರಕಟಣೆ ಬಂದ ವಾರ ನನಗೆ ಹಳೆಯ ವಿದ್ಯಾರ್ಥಿಗಳ ಫೋನ್ ಶುರುವಾಗುತ್ತದೆ. "ಮೇಡಂ, ಜೊತೆಗೆ ಇಬ್ಬರು ಮಾತ್ರ ಬರಬಹುದಂತೆ. ಅಪ್ಪ ಅಮ್ಮ ಸರಿ, ಅಜ್ಜಿಗೆ ಏನು ಮಾಡಲಿ? ಮಾವ ಬೆಂಗಳೂರಿಂದ ರಜೆ ಹಾಕಿ ಬರ್ತಿದ್ದಾರೆ, ಅವರಿಗೆ ಹೇಗೆ ಹೇಳಲಿ?" ಒಬ್ಬೊಬ್ಬರಿಗೂ ಅರ್ಧ ಗಂಟೆ ಕೂತು ಹೇಳುತ್ತಿದ್ದೆ. ಈ ಸಲ ಬರೆದೇ ಇಡೋಣ ಅನಿಸಿತು.

ಇದೆಲ್ಲ ನನಗೆ ಗೊತ್ತಾಗಿದ್ದು ಪೆಟ್ಟು ತಿಂದ ಮೇಲೆ. ನನ್ನ ಪಿಎಚ್‌ಡಿ ಘಟಿಕೋತ್ಸವಕ್ಕೆ ನನಗೆ ಕೊಟ್ಟಿದ್ದು ಎರಡು ಪಾಸ್. ಚನ್ನಗಿರಿ ಹತ್ತಿರದ ನಮ್ಮ ಊರಿಂದ ಬೆಳಗಿನ ಜಾವ ಮೂರಕ್ಕೆ ಟೆಂಪೊ ಟ್ರಾವೆಲರ್ ಮಾಡಿಕೊಂಡು ಹೊರಟವರು ಹನ್ನೊಂದು ಜನ. ಅಪ್ಪ, ಅವ್ವ, ಅಜ್ಜಿ, ಅಣ್ಣ, ಅತ್ತಿಗೆ, ಅವರ ಇಬ್ಬರು ಮಕ್ಕಳು. ದಾರಿಯಲ್ಲಿ ಹತ್ತಿಕೊಂಡ ಅತ್ತೆ, ಮಾವ, ನಮ್ಮ ಯಜಮಾನರು, ಎರಡು ವರ್ಷದ ನನ್ನ ಮಗಳು. ಪಾಸ್ ಎರಡೇ ಅನ್ನುವುದು ನನಗೆ ಹದಿನೈದು ದಿನ ಮೊದಲೇ ಗೊತ್ತಿತ್ತು. ಆದರೆ ಮನೆಯಲ್ಲಿ ಹೇಳಿರಲಿಲ್ಲ. ಕಚೇರಿಯಲ್ಲಿ ಪರಿಚಯದವರೊಬ್ಬರು "ಬರಲಿ ಬಿಡಮ್ಮ, ಇನ್ನೊಂದು ನಾಲ್ಕು ಪಾಸ್ ಹೊಂದಿಸೋಣ" ಅಂದಿದ್ದರು. ಆ ಒಂದು ಮಾತು ನಂಬಿಕೊಂಡು ಕೂತೆ. ಘಟಿಕೋತ್ಸವದ ಬೆಳಿಗ್ಗೆ ಅವರು ಫೋನ್ ಎತ್ತಲಿಲ್ಲ.

ಹಾಗಾಗಿ ಮೊದಲ ಮಾತು ಇದು. ಎಷ್ಟು ಜನಕ್ಕೆ ಪ್ರವೇಶ ಅಂತ ಗೊತ್ತಾದ ದಿನವೇ ಮನೆಗೆ ಫೋನ್ ಮಾಡಿ ಹೇಳಿ. ಗಾಡಿ ಗೊತ್ತು ಮಾಡುವ ಮೊದಲು, ಸೀರೆ ತೆಗೆಯುವ ಮೊದಲು, ಅಜ್ಜಿ ಊರೆಲ್ಲ ಹೇಳಿಕೊಂಡು ಬರುವ ಮೊದಲು. ಬೇಜಾರಾಗುತ್ತದೆ, ನಿಜ. ಆದರೆ ಮನೆಯಲ್ಲಿ ಕೂತು ಪಡುವ ಬೇಜಾರು ಬೇರೆ. ಇನ್ನೂರು ಕಿಲೋಮೀಟರ್ ಬಂದು, ಗೇಟಿನ ಮುಂದೆ ಪೊಲೀಸರು ಕೈ ಅಡ್ಡ ಇಟ್ಟಾಗ ಪಡುವ ಅವಮಾನ ಬೇರೆ.

ಅದಕ್ಕೂ ಮೊದಲು ಒಂದು ವಿಷಯ ಖಚಿತ ಮಾಡಿಕೊಳ್ಳಿ. ನಿಮ್ಮನ್ನು ವೇದಿಕೆಗೆ ಕರೆಯುತ್ತಾರಾ? ನಮ್ಮ ಹಲವು ರಾಜ್ಯ ವಿಶ್ವವಿದ್ಯಾಲಯಗಳಲ್ಲಿ ವೇದಿಕೆ ಹತ್ತುವವರು ಪಿಎಚ್‌ಡಿ ಪಡೆದವರು ಮತ್ತು ಚಿನ್ನದ ಪದಕ, ನಗದು ಬಹುಮಾನ ಬಂದವರು. ಉಳಿದ ಬಿಎ, ಬಿಕಾಂ, ಎಂಎ ವಿದ್ಯಾರ್ಥಿಗಳಿಗೆ ಒಟ್ಟಾಗಿ ಪದವಿ ಘೋಷಣೆ ಮಾಡುತ್ತಾರೆ. ಪ್ರಮಾಣಪತ್ರ ಕೌಂಟರಿನಲ್ಲೋ, ಕಾಲೇಜಿನ ಮೂಲಕವೋ, ಅಂಚೆಯಲ್ಲೋ ಬರುತ್ತದೆ. ಇದು ಗೊತ್ತಿಲ್ಲದೆ ಎಷ್ಟೋ ಮನೆಯವರು ಮಗನ ಹೆಸರು ಕರೆಯುತ್ತಾರೆ ಅಂತ ಎರಡು ಗಂಟೆ ಕಾದು, ಕೊನೆಗೆ ರಾಷ್ಟ್ರಗೀತೆ ಕೇಳಿ ಎದ್ದು ಬಂದಿದ್ದನ್ನು ನೋಡಿದ್ದೇನೆ. ಹೆಸರು ಕರೆಯುವುದಿಲ್ಲ ಅಂತ ಗೊತ್ತಾದರೆ ನಿಮ್ಮ ಯೋಜನೆಯೇ ಬದಲಾಗುತ್ತದೆ. ಕಾಲೇಜಿನಲ್ಲಿ ಮಾಡುವ ಪದವಿ ಪ್ರದಾನ ದಿನಕ್ಕೆ ಮನೆಯವರನ್ನು ಕರೆಸುವುದು ಆಗ ಒಳ್ಳೆಯದು. ಅಲ್ಲಿ ಜಾಗವೂ ಜಾಸ್ತಿ, ಹೆಸರೂ ಕರೆಯುತ್ತಾರೆ.

ಅರ್ಜಿಯಲ್ಲಿ "ಖುದ್ದಾಗಿ" ಮತ್ತು "ಗೈರುಹಾಜರಿಯಲ್ಲಿ" ಅಂತ ಎರಡು ಆಯ್ಕೆ ಇರುತ್ತದೆ. ಖುದ್ದಾಗಿ ಅಂತ ಗುರುತು ಹಾಕಿದವರಿಗೆ ಮಾತ್ರ ಆಸನ ಮತ್ತು ಪಾಸ್. ಕೊನೆಯ ದಿನ ದಾಟಿದ ಮೇಲೆ ಇದನ್ನು ಬದಲಿಸಿಕೊಳ್ಳುವುದು ಬಹಳ ಕಷ್ಟ. ಇನ್ನೊಂದು ಭಯ ಎಲ್ಲರಿಗೂ ಇರುತ್ತದೆ, ಹೋಗದಿದ್ದರೆ ಪದವಿ ಸಿಗುವುದಿಲ್ಲವಾ ಅಂತ. ಸಿಗುತ್ತದೆ. 2008ರ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ನಿಯಮದ ಪ್ರಕಾರ, ವಿದ್ಯಾರ್ಥಿ ಪದವಿಗೆ ಅರ್ಹನಾಗಬೇಕಾದ ದಿನದಿಂದ 180 ದಿನದೊಳಗೆ ಪದವಿ ಕೊಡಬೇಕು. ಸಮಾರಂಭಕ್ಕೆ ಹೋಗುವುದು ಬಿಡುವುದು ನಿಮ್ಮ ಖುಷಿಗೆ ಸೇರಿದ್ದು.

ಎರಡೇ ಪಾಸ್ ಯಾಕೆ ಅಂತ ಕೋಪ ಬರುವುದು ಸಹಜ. ನನಗೂ ಬಂದಿತ್ತು. ಒಂದು ಸಣ್ಣ ಲೆಕ್ಕ ಮಾಡಿ ನೋಡಿ. 1,000 ಆಸನದ ಸಭಾಂಗಣ ಅಂತಿಟ್ಟುಕೊಳ್ಳಿ. 200 ಜನ ಪಿಎಚ್‌ಡಿಯವರು, ತಲಾ ಇಬ್ಬರು ಮನೆಯವರು, ಅಲ್ಲಿಗೆ 600. ಪದಕ ಬಂದವರು 120 ಜನ, ಅವರ ಮನೆಯವರು 240, ಅಲ್ಲಿಗೆ 960. ಇನ್ನು ಸಿಂಡಿಕೇಟ್ ಸದಸ್ಯರು, ವಿದ್ಯಾವಿಷಯಕ ಪರಿಷತ್ತಿನವರು, ಡೀನರು, ದತ್ತಿ ಪದಕ ಇಟ್ಟ ಮನೆತನದವರು, ಗೌರವ ಡಾಕ್ಟರೇಟ್ ಪಡೆಯುವವರ ಕಡೆಯವರು, ಪತ್ರಕರ್ತರು. ಆಸನ ಆಗಲೇ ಸಾಲದು. ಮೈಸೂರು ವಿಶ್ವವಿದ್ಯಾಲಯ ಶುರುವಾಗಿದ್ದು 1916ರಲ್ಲಿ. ಅಲ್ಲಿನ ಘಟಿಕೋತ್ಸವ ಈಗಲೂ ಹಳೆಯ ಕ್ರಾಫರ್ಡ್ ಭವನದಲ್ಲೇ ನಡೆಯುತ್ತದೆ. ಓದುವವರ ಸಂಖ್ಯೆ ಎಷ್ಟೋ ಪಟ್ಟು ಹೆಚ್ಚಾಯಿತು, ಸಭಾಂಗಣದ ಗೋಡೆ ಇದ್ದಲ್ಲೇ ಇದೆ. ಹಂಪಿಯ ಕನ್ನಡ ವಿಶ್ವವಿದ್ಯಾಲಯ ತನ್ನ ಘಟಿಕೋತ್ಸವವನ್ನು ನುಡಿಹಬ್ಬ ಅಂತ ಕರೆದು ಬಯಲು ರಂಗಮಂದಿರದಲ್ಲಿ ಮಾಡುತ್ತದೆ. ಬಯಲಿನಲ್ಲಿ ಮಾಡುವ ಆ ರೂಢಿ ನನಗೆ ಬಹಳ ಇಷ್ಟ.

ಆಸನದ ಜೊತೆ ಭದ್ರತೆಯ ವಿಷಯವೂ ಇದೆ. ನಮ್ಮ ಹೆಚ್ಚಿನ ರಾಜ್ಯ ವಿಶ್ವವಿದ್ಯಾಲಯಗಳ ಕುಲಾಧಿಪತಿ ರಾಜ್ಯಪಾಲರು. ಘಟಿಕೋತ್ಸವಕ್ಕೆ ಬಂದರೆ ಅವರದೇ ಅಧ್ಯಕ್ಷತೆ. ಅವರು ಬರುತ್ತಾರೆ ಅಂದರೆ ಒಳಗಿರುವವರ ಲೆಕ್ಕ ಪೊಲೀಸರ ಕೈಗೆ ಹೋಗುತ್ತದೆ. ಆ ದಿನ ಬೆಳಿಗ್ಗೆ ವಿಭಾಗದ ಮುಖ್ಯಸ್ಥರು ಬಂದು ಹೇಳಿದರೂ ಗೇಟಿನಲ್ಲಿ ನಡೆಯುವುದಿಲ್ಲ. ಅದಕ್ಕೇ ಗೇಟಿನಲ್ಲಿ ನಿಂತವರ ಜೊತೆ ಜಗಳ ಬೇಡ. ಸಂಖ್ಯೆ ನಿಗದಿ ಮಾಡಿದವರು ಅವರಲ್ಲ.

ಈಗ ಕಷ್ಟದ ಭಾಗಕ್ಕೆ ಬರೋಣ. ಆ ಇಬ್ಬರು ಯಾರು?

ಇದನ್ನು ನೀವೇ ತೀರ್ಮಾನ ಮಾಡಬೇಕು, ಮತ್ತು ಮೊದಲೇ ಮಾಡಬೇಕು. ಯಾಕೆಂದರೆ ಮನೆಯವರು ಗೇಟಿಗೆ ಬರುವ ಹೊತ್ತಿಗೆ ನೀವು ಅಲ್ಲಿರುವುದಿಲ್ಲ. ಪದವಿ ಪಡೆಯುವವರು ಎರಡು ಗಂಟೆ ಮೊದಲೇ ಹಾಜರಾಗಿ, ಸಹಿ ಹಾಕಿ, ಕ್ರಮಸಂಖ್ಯೆ ಪ್ರಕಾರ ಕೂರಬೇಕು. ನಾನು 8.30ಕ್ಕೆ ಒಳಗೆ ಹೋದೆ. ಫೋನ್ ಹೊರಗೇ ಕೊಟ್ಟಿದ್ದೆ. ಪಾಸ್ ಎರಡೂ ಅಣ್ಣನ ಕೈಯಲ್ಲಿದ್ದವು. ಗೇಟಿನ ಮುಂದೆ ಏನು ಮಾತಾಯಿತು, ಯಾರು ಅತ್ತರು, ಯಾರು ಸುಮ್ಮನಾದರು, ನನಗೆ ಗೊತ್ತಿಲ್ಲ. ನನ್ನ ಸಾಲು ಎದ್ದು ವೇದಿಕೆಯ ಮೆಟ್ಟಿಲ ಬಳಿ ಬಂದಾಗ ತಿರುಗಿ ನೋಡಿದೆ. ಹಿಂದಿನಿಂದ ಮೂರನೇ ಸಾಲಿನಲ್ಲಿ ಅವ್ವ, ಪಕ್ಕದಲ್ಲಿ ಅತ್ತೆ. ಇಬ್ಬರೂ ಕೈ ಹಿಡಿದುಕೊಂಡು ಕೂತಿದ್ದರು. ಅಪ್ಪ ಎಲ್ಲಿ ಅಂತ ಹುಡುಕುತ್ತಿರುವಾಗಲೇ ನನ್ನ ಹೆಸರು ಕರೆದರು.

ಆಮೇಲೆ ಅಣ್ಣ ಹೇಳಿದ. ಪಾಸ್ ಎರಡೇ ಅಂತ ಗೊತ್ತಾದ ತಕ್ಷಣ ಅಪ್ಪ ಅವನ ಕೈಯಿಂದ ಅವನ್ನು ತಗೊಂಡು ಒಂದು ಅವ್ವನಿಗೆ, ಒಂದು ಅತ್ತೆಗೆ ಕೊಟ್ಟರಂತೆ. "ಹೆತ್ತಾಕಿ ನೋಡ್ಲಿ, ಕೂಸು ನೋಡಿಕೊಂಡಾಕಿ ನೋಡ್ಲಿ" ಅಂದರಂತೆ. ನಿಜ, ನಾನು ಕೊನೆಯ ಎರಡು ಅಧ್ಯಾಯ ಬರೆಯುವಾಗ ಎಂಟು ತಿಂಗಳು ಮಗಳನ್ನು ನೋಡಿಕೊಂಡವರು ಅತ್ತೆ. ನಾನು ಕೂತು ಯೋಚಿಸಿದ್ದರೂ ಅದಕ್ಕಿಂತ ಸರಿಯಾಗಿ ಮಾಡುತ್ತಿರಲಿಲ್ಲ. ಆದರೆ ಆ ಭಾರ ಅಪ್ಪನ ಮೇಲೆ ಬೀಳಬಾರದಿತ್ತು. ಅವರಿಗೂ ಒಳಗೆ ಬರುವ ಆಸೆ ಇತ್ತು. ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಂದಿದ್ದರು.

ವಿದ್ಯಾರ್ಥಿಗಳು ಕೇಳಿದರೆ ನಾನು ಹೇಳುವುದು ಇಷ್ಟು. ನೆಂಟಸ್ತಿಕೆಯ ಸಾಲು ಹಿಡಿಯಬೇಡಿ. ನಿಮ್ಮ ಓದಿಗೆ ದಿನಾ ಬೆನ್ನು ಕೊಟ್ಟವರು ಯಾರು ಅಂತ ನೋಡಿ. ಹಾಸ್ಟೆಲ್ ಶುಲ್ಕ ಕಟ್ಟಿದ ಅಕ್ಕ ಇರಬಹುದು, ಒಡವೆ ಒತ್ತೆ ಇಟ್ಟ ಚಿಕ್ಕಮ್ಮ ಇರಬಹುದು. ಆಮೇಲೆ, ಮೂರು ಗಂಟೆ ಎದ್ದು ಓಡಾಡದೆ ಕೂರಲು ಅವರಿಂದ ಆಗುತ್ತದಾ ನೋಡಿ. ಚಿಕ್ಕ ಮಕ್ಕಳನ್ನು ಬಹಳ ಕಡೆ ಒಳಗೆ ಬಿಡುವುದಿಲ್ಲ. ಬಿಟ್ಟರೂ ಮಗುವಿಗೆ ಅದು ಹಿಂಸೆ. ತೀರ್ಮಾನ ಆದ ಮೇಲೆ ಆ ಇಬ್ಬರಿಗೆ ಮಾತ್ರ ಹೇಳಿ ಬಿಡಬೇಡಿ. ಒಳಗೆ ಬರಲಾಗದವರಿಗೆ ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಫೋನ್ ಮಾಡಿ. ಮನೆಯ ವಾಟ್ಸ್ಯಾಪ್ ಗುಂಪಿನಲ್ಲಿ ಒಂದು ಸಾಲು ಹಾಕಿ ಕೈತೊಳೆದುಕೊಳ್ಳುವ ವಿಷಯ ಇದಲ್ಲ. ನಾನಾಗಿದ್ದರೆ ಅಪ್ಪನಿಗೆ ಹೀಗೆ ಹೇಳುತ್ತಿದ್ದೆ: "ಅಪ್ಪಾ, ಒಳಗೆ ಇಬ್ಬರಿಗೇ ಜಾಗ. ಅವ್ವ, ಅತ್ತೆ ಹೋಗ್ಲಿ. ನೀವು ಹೊರಗೆ ಟಿವಿಯಲ್ಲಿ ನೋಡೋ ಹಾಗೆ ಮಾಡ್ತೀನಿ. ಮುಗಿದ ತಕ್ಷಣ ಮೊದಲು ನಿಮ್ಮ ಹತ್ರಾನೇ ಬರ್ತೀನಿ."

ಹೆಚ್ಚುವರಿ ಪಾಸ್ ಕೇಳುವುದು ತಪ್ಪಲ್ಲ, ಕೇಳುವ ದಾರಿ ಸರಿ ಇರಬೇಕು. ಪರಿಚಯದವರ ಬಾಯಿಮಾತು ನಂಬಬೇಡಿ. ಕುಲಸಚಿವರು (ಮೌಲ್ಯಮಾಪನ), ಇವರ ಕಚೇರಿಗೆ ಒಂದು ಪತ್ರ ಬರೆಯಿರಿ. ಘಟಿಕೋತ್ಸವದ ಕೆಲಸ ಸಾಮಾನ್ಯವಾಗಿ ಅಲ್ಲಿಂದಲೇ ನಡೆಯುತ್ತದೆ. ಕಾರಣ ಗಟ್ಟಿ ಇರಲಿ. "ನಮ್ಮ ಮನೆಯಲ್ಲಿ ಜಾಸ್ತಿ ಜನ" ಅನ್ನುವುದು ಕಾರಣವಲ್ಲ, ಅದು ಎಲ್ಲರ ಮನೆ ಕಥೆ. ವಯಸ್ಸಾದವರಿಗೆ, ಅಂಗವಿಕಲರಿಗೆ ಸಹಾಯಕರು ಬೇಕು ಅನ್ನುವುದು ಕಾರಣ. ಮಾದರಿ ಹೀಗಿರಲಿ:

"ಮಾನ್ಯರೇ, ಈ ಸಾಲಿನ ಘಟಿಕೋತ್ಸವದಲ್ಲಿ ಖುದ್ದಾಗಿ ಪದವಿ ಪಡೆಯಲು ಅರ್ಜಿ ಸಲ್ಲಿಸಿದ್ದೇನೆ. ನನ್ನ ನೋಂದಣಿ ಸಂಖ್ಯೆ ಇಂತಿಷ್ಟು. ನನ್ನ ಜೊತೆ ಬರುವ ತಂದೆಯವರು ವೀಲ್‌ಚೇರ್ ಇಲ್ಲದೆ ಓಡಾಡಲಾರರು. ಅವರ ಜೊತೆಯಲ್ಲಿರಲು ನನ್ನ ಸಹೋದರನಿಗೆ ಪ್ರವೇಶ ಕೊಡಬೇಕೆಂದು, ವೀಲ್‌ಚೇರ್ ನಿಲ್ಲಿಸಲು ಸಾಲಿನ ತುದಿಯಲ್ಲಿ ಜಾಗ ಕೊಡಬೇಕೆಂದು ಕೋರುತ್ತೇನೆ. ತಂದೆಯವರ ಯುಡಿಐಡಿ (ಅಂಗವಿಕಲರ ಗುರುತಿನ) ಕಾರ್ಡ್ ಮತ್ತು ಸಹೋದರನ ಆಧಾರ್ ಕಾರ್ಡಿನ ನಕಲು ಲಗತ್ತಿಸಿದ್ದೇನೆ."

ಇಷ್ಟು ಸಾಕು. ಎರಡು ಪ್ರತಿ ಮಾಡಿ, ಒಂದರ ಮೇಲೆ ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿ. ಮೂರು ದಿನ ಬಿಟ್ಟು ಹೋಗಿ ಕೇಳಿ. ಒಪ್ಪಿಗೆ ಕಾಗದದಲ್ಲಿ ಬಂದರೆ ಮಾತ್ರ ಬಂತು ಅಂತ ಲೆಕ್ಕ. ನಿಮ್ಮ ಸಹಪಾಠಿ ಒಬ್ಬರೇ ಬರುತ್ತಿದ್ದರೆ ಅವರ ಪಾಸ್ ನಿಮಗೆ ಕೊಡಬಹುದಾ ಅಂತಲೂ ಅದೇ ಕಚೇರಿಯಲ್ಲಿ ಕೇಳಿ. ಪಾಸಿನ ಮೇಲೆ ಹೆಸರು, ಸಂಖ್ಯೆ ಇದ್ದರೆ ಸುಮ್ನೆ ಕೈ ಬದಲಾಯಿಸಿದರೆ ನಡೆಯುವುದಿಲ್ಲ. ಜೆರಾಕ್ಸ್ ಮಾಡಿಸಿಕೊಂಡು ಹೋಗುವ ಯೋಚನೆಯಂತೂ ಬೇಡವೇ ಬೇಡ. ನಿಜವಾದ ಪಾಸ್ ಇರುವ ನಿಮ್ಮ ಅವ್ವನೂ ಹೊರಗೆ ನಿಲ್ಲಬೇಕಾದೀತು.

ಹೊರಗೆ ಉಳಿಯುವವರ ವಿಷಯಕ್ಕೆ ಬರುತ್ತೇನೆ. ನಿಮ್ಮ ತಯಾರಿಯ ಮುಕ್ಕಾಲು ಪಾಲು ಇವರಿಗೇ ಮೀಸಲಿಡಿ ಅಂತ ನಾನು ಹೇಳುವುದು. ಒಳಗೆ ಹೋದವರನ್ನು ವಿಶ್ವವಿದ್ಯಾಲಯ ನೋಡಿಕೊಳ್ಳುತ್ತದೆ. ಕುರ್ಚಿ ಇದೆ, ಫ್ಯಾನ್ ಇದೆ. ಹೊರಗಿನವರಿಗೆ ಏನೂ ಇಲ್ಲ. ನಮ್ಮ ಒಂಬತ್ತು ಜನ ಒಂದು ಗಂಟೆ ಬಿಸಿಲಲ್ಲಿ ರಸ್ತೆ ಬದಿ ನಿಂತಿದ್ದರು. ಎಂಬತ್ತು ದಾಟಿದ ಅಜ್ಜಿ ಗಾಡಿಯೊಳಗೆ ಬೆವರುತ್ತಾ ಕೂತಿದ್ದರು. ನನ್ನ ಮಗಳು ಅಳು ನಿಲ್ಲಿಸಿರಲಿಲ್ಲ. ನನ್ನ ಮಾರ್ಗದರ್ಶಕರ ಇನ್ನೊಬ್ಬ ವಿದ್ಯಾರ್ಥಿ ಆ ದಾರಿಯಲ್ಲಿ ಬಂದವನು ನಮ್ಮ ಯಜಮಾನರ ಗುರುತು ಹಿಡಿದ. ಎಲ್ಲರನ್ನೂ ನಮ್ಮ ವಿಭಾಗಕ್ಕೆ ಕರೆದುಕೊಂಡು ಹೋಗಿ, ಸೆಮಿನಾರ್ ಹಾಲ್ ತೆಗೆಸಿ, ಪ್ರೊಜೆಕ್ಟರ್ ಹಚ್ಚಿ ಯೂಟ್ಯೂಬ್ ನೇರಪ್ರಸಾರ ಹಾಕಿದ. ನಾನು ವೇದಿಕೆ ಹತ್ತಿದ್ದನ್ನು ಅಪ್ಪ ಗೋಡೆ ತುಂಬ ನೋಡಿದರು. ಅವ್ವ ಅತ್ತೆಗೆ ದೂರದಿಂದ ನನ್ನ ಬೆನ್ನು ಕಂಡಿದ್ದಷ್ಟೇ. ಮುಖ ಕಂಡಿದ್ದು ಸೆಮಿನಾರ್ ಹಾಲಿನಲ್ಲಿದ್ದವರಿಗೆ.

ನಮಗೆ ಅದೃಷ್ಟದಿಂದ ಸಿಕ್ಕಿದ್ದನ್ನು ನೀವು ಮೊದಲೇ ಮಾಡಿಕೊಳ್ಳಿ. ವಾರ ಮೊದಲು ನಿಮ್ಮ ವಿಭಾಗದ ಮುಖ್ಯಸ್ಥರನ್ನು ಭೇಟಿಯಾಗಿ ಒಂದು ತರಗತಿ ಕೋಣೆ, ಪ್ರೊಜೆಕ್ಟರ್ ಕೇಳಿ. ಜೊತೆಗೆ ಪದವಿ ಪಡೆಯುವ ನಾಲ್ಕೈದು ಗೆಳೆಯರು ಸೇರಿ ಕೇಳಿದರೆ ಇನ್ನೂ ಒಳ್ಳೆಯದು. ಆ ದಿನ ಕೆಲವು ರಸ್ತೆ ಮುಚ್ಚಿರುತ್ತಾರೆ. ವಿಭಾಗದ ಕಟ್ಟಡಕ್ಕೆ ಹೋಗಲು ದಾರಿ ಇದೆಯಾ ಕೇಳಿಕೊಳ್ಳಿ. ನೇರಪ್ರಸಾರ ಇದೆಯಾ ಅಂತ ಮೊದಲೇ ಖಚಿತ ಮಾಡಿ. ಕೊರೊನಾ ಕಾಲದಿಂದ ಇದು ಬಹಳ ಕಡೆ ರೂಢಿಯಾಗಿದೆ. 2020ರ ಅಕ್ಟೋಬರ್ 19ರಂದು ನಡೆದ ಮೈಸೂರು ವಿವಿಯ 100ನೇ ಘಟಿಕೋತ್ಸವದಲ್ಲಿ ಪ್ರಧಾನಿಯವರೇ ವಿಡಿಯೊ ಮೂಲಕ ಮಾತನಾಡಿದ್ದರು. ಸಾವಿರಾರು ಜನ ಒಂದೇ ಕಡೆ ಸೇರಿದಾಗ ಮೊಬೈಲ್ ನೆಟ್‌ವರ್ಕ್ ಕೈಕೊಡುತ್ತದೆ, ಹಾಗಾಗಿ ವಿಭಾಗದ ವೈಫೈ ಪಾಸ್‌ವರ್ಡ್ ಕೇಳಿಟ್ಟುಕೊಳ್ಳಿ. ನಿಮ್ಮ ಕ್ರಮಸಂಖ್ಯೆ, ಯಾವ ವಿಷಯದ ನಂತರ ನಿಮ್ಮ ವಿಷಯ ಬರುತ್ತದೆ, ಇದನ್ನು ಒಂದು ಚೀಟಿಯಲ್ಲಿ ಬರೆದು ಹೊರಗಿರುವ ಒಬ್ಬರ ಕೈಗೆ ಕೊಡಿ. ಇಲ್ಲದಿದ್ದರೆ ಸರಿಯಾಗಿ ನಿಮ್ಮ ಹೆಸರು ಬರುವ ಹೊತ್ತಿಗೆ ಎಲ್ಲರೂ ಟೀ ಕುಡಿಯಲು ಹೋಗಿರುತ್ತಾರೆ. ಬುತ್ತಿ ಕಟ್ಟಿಕೊಂಡು ಬರಲು ಹೇಳಿ. ನಮ್ಮ ಅತ್ತಿಗೆ ತಂದಿದ್ದ ಚಪಾತಿ, ಶೇಂಗಾ ಚಟ್ನಿ, ಮೊಸರನ್ನ ಅವತ್ತು ಮಾನ ಕಾಪಾಡಿತು. ಕ್ಯಾಂಟೀನ್ ಬಾಗಿಲು ಹಾಕಿತ್ತು.

ಹಿಂದಿನ ದಿನದ ತಾಲೀಮನ್ನು ಬಹಳ ಜನ ಮರೆಯುತ್ತಾರೆ. ಹತ್ತಿರದ ಊರಿನವರಾದರೆ ಅವತ್ತು ಅಜ್ಜಿಯನ್ನು, ಮಕ್ಕಳನ್ನು ಕರೆದುಕೊಂಡು ಬನ್ನಿ. ತಾಲೀಮು ಮುಗಿದ ಮೇಲೆ ಒಳಗೆ ಹೋಗಿ ನೋಡಬಹುದಾ ಅಂತ ಅಲ್ಲಿನ ಸಿಬ್ಬಂದಿಯನ್ನು ಕೇಳಿ. ನನ್ನ ಒಬ್ಬ ವಿದ್ಯಾರ್ಥಿನಿ ಹೀಗೆ ಕೇಳಿ, ಖಾಲಿ ಸಭಾಂಗಣದ ಮೊದಲ ಸಾಲಿನಲ್ಲಿ ಅಜ್ಜನನ್ನು ಕೂರಿಸಿ ಫೋಟೊ ತೆಗೆಸಿದಳು. ಮಾರನೆಯ ದಿನ ಆ ಅಜ್ಜ ಮನೆಯಲ್ಲೇ ನೆಮ್ಮದಿಯಾಗಿ ಉಳಿದರು.

ಒಳಗೆ ಹೋಗುವ ಇಬ್ಬರಿಗೆ ಹೇಳಬೇಕಾದ್ದು ಸ್ವಲ್ಪ. ಆಧಾರ್ ಮೂಲ ಕಾರ್ಡ್ ಇರಲಿ. ತಿಂಡಿ ತಿಂದು, ಶೌಚಾಲಯಕ್ಕೆ ಹೋಗಿಯೇ ಒಳಗೆ ಹೋಗಲಿ. ಮೆರವಣಿಗೆ ಒಳಗೆ ಬರುವ ಹೊತ್ತಿಗೆ ಬಾಗಿಲು ಹಾಕುತ್ತಾರೆ, ಆಮೇಲೆ ಎದ್ದು ಓಡಾಡುವ ಹಾಗಿಲ್ಲ. ಸಕ್ಕರೆ ಕಾಯಿಲೆ ಇದ್ದವರು ಮಾತ್ರೆ, ನಾಲ್ಕು ಬಿಸ್ಕತ್ತು ಇಟ್ಟುಕೊಳ್ಳಲಿ, ವೈದ್ಯರ ಚೀಟಿಯೂ ಜೊತೆಗಿರಲಿ. ಹಾರ, ನೀರಿನ ಬಾಟಲಿ, ದೊಡ್ಡ ಚೀಲ ಗೇಟಿನಲ್ಲೇ ಉಳಿಯುತ್ತವೆ. ಮತ್ತೆ, ನಮ್ಮ ಕಡೆಯ ಹೆಂಗಸರ ಸಂಚಿಯನ್ನು ಒಂದು ಸಲ ಬಿಚ್ಚಿ ನೋಡಿ. ಅವ್ವನ ಎಲೆಅಡಿಕೆ ಸಂಚಿಯಲ್ಲಿ ಅಡಕತ್ತರಿ ಇತ್ತು. ಯಂತ್ರ ಕೂಗಿತು. ಅದು ಅವ್ವನ ತಾಯಿಯ ಕಾಲದ ಹಿತ್ತಾಳೆ ಹಿಡಿಯ ಅಡಕತ್ತರಿ. ಅದನ್ನು ಬಿಟ್ಟು ಒಳಗೆ ಹೋಗಲ್ಲ ಅಂತ ಅವ್ವ ಅಲ್ಲೇ ನಿಂತುಬಿಟ್ಟಿದ್ದರಂತೆ. ಮಹಿಳಾ ಪೇದೆಯೊಬ್ಬರು "ನಮ್ಮವ್ವನ ಹತ್ರಾನೂ ಇಂಥದ್ದೇ ಐತಿ, ನಾ ಕಾಯ್ತೀನಿ ಹೋಗಿ" ಅಂತ ತಮ್ಮ ಕುರ್ಚಿ ಕೆಳಗೆ ಇಟ್ಟುಕೊಂಡರು.

ವಿದೇಶದಲ್ಲಿ ಓದುವವರಿಗೂ ಇದೇ ಪಾಡು. ಬ್ರಿಟನ್ನಿನ ಹಲವು ವಿಶ್ವವಿದ್ಯಾಲಯಗಳಲ್ಲಿ ಒಬ್ಬರಿಗೆ ಎರಡು ಅತಿಥಿ ಟಿಕೆಟ್. ಅಮೆರಿಕದಲ್ಲಿ ಕ್ರೀಡಾಂಗಣದಲ್ಲಿ ನಡೆಯುವ ದೊಡ್ಡ ಸಮಾರಂಭಕ್ಕೆ ಜಾಗ ಇದ್ದರೂ, ಹೆಸರು ಕರೆಯುವ ವಿಭಾಗದ ಸಮಾರಂಭಕ್ಕೆ ಮಿತಿ ಇರುತ್ತದೆ. ಅತಿಥಿ ಟಿಕೆಟ್ ಖಚಿತವಾಗಿ, ವೀಸಾ ಕೈಗೆ ಬರುವ ತನಕ ಅಪ್ಪ ಅಮ್ಮನ ವಿಮಾನದ ಟಿಕೆಟ್ ಮಾಡಿಸಬೇಡಿ.

ಕೊನೆಯದು, ಮುಗಿದ ಮೇಲೆ ಸೇರುವ ಜಾಗ. "ಗೇಟ್ ಹತ್ರ ಇರ್ತೀವಿ" ಅಂದರೆ ಆಗುವುದಿಲ್ಲ, ಗೇಟ್ ಮೂರು ನಾಲ್ಕು ಇರುತ್ತವೆ. ಒಂದು ಮರವನ್ನೋ, ಒಂದು ಪ್ರತಿಮೆಯನ್ನೋ ಹಿಂದಿನ ದಿನವೇ ಗುರುತು ಮಾಡಿ. ಗೌನ್ ಅಥವಾ ಶಲ್ಯ ವಾಪಸ್ ಕೊಡುವ ಕೊನೆಯ ಸಮಯ ಕೇಳಿಕೊಳ್ಳಿ, ಫೋಟೊ ಆಗುವ ತನಕ ಕೊಡಬೇಡಿ. ನಾನು ಸಾಲು ಚಿಕ್ಕದಿದೆ ಅಂತ ಮೊದಲು ಗೌನ್ ಕೊಟ್ಟು, ಠೇವಣಿ ವಾಪಸ್ ತಗೊಂಡು ಹೊರಗೆ ಬಂದೆ. ಅಪ್ಪ ಕೇಳಿದ ಮೊದಲ ಮಾತೇ "ಆ ಕರೇ ಅಂಗಿ ಎಲ್ಲಿ?" ಓಡಿ ಹೋಗಿ ಕೇಳಿದೆ. ಕೌಂಟರಿನವರು ನನ್ನ ಆಧಾರ್ ಇಟ್ಟುಕೊಂಡು ಹದಿನೈದು ನಿಮಿಷಕ್ಕೆ ಮತ್ತೆ ಕೊಟ್ಟರು.

ವಿಭಾಗದ ಮುಂದಿನ ಮಾವಿನ ಮರದ ಕೆಳಗೆ ಎಲ್ಲರೂ ನಿಂತೆವು. ಗೌನ್ ಅಪ್ಪನಿಗೆ ಹಾಕಿಸಿದೆ, ತೋಳು ಅವರ ಮೊಣಕೈಗಿಂತ ಸ್ವಲ್ಪ ಕೆಳಗೆ ಬಂತು. ಅಜ್ಜಿಯನ್ನು ಕುರ್ಚಿಯಲ್ಲಿ ಕೂರಿಸಿ, ಪ್ರಮಾಣಪತ್ರ ಅವರ ಮಡಿಲಲ್ಲಿ ಇಟ್ಟೆವು. ಆ ಫೋಟೊ ಈಗ ಊರ ಮನೆಯ ಪಡಸಾಲೆಯಲ್ಲಿದೆ. ಹತ್ತಿರ ಹೋಗಿ ನೋಡಿದರೆ ಅವ್ವನ ಬಲಗೈಯಲ್ಲಿ ಅಡಕತ್ತರಿ ಕಾಣುತ್ತದೆ.